ಹಿಂಡಿ ಅಂಗಡಿಯ ಕ್ಯಾಪ್ಟನ್

"ಡ್ರೈವರ್ ಇಲ್ಲದ ಗಾಡಿ ಬಾಡಿಗಿಗೆ ಕೊಡೋ ಮಂದಿ ಎಂಥಾವ್ರಿರಬೇಕು?"

ಬಾಳವ್ವಕ್ಕ ಇದನ್ನು ಯಾರನ್ನೂ ಕೇಳಲಿಲ್ಲ. ಕೈಯಲ್ಲಿದ್ದ ಜೋಳದ ಹಿಟ್ಟನ್ನು ಕೇಳಿದಳು, ಇಲ್ಲವೆ ಒಲೆಯ ಮೇಲಿನ ಹಂಚನ್ನು. ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಾನು ಪಕ್ಕದಲ್ಲಿ ಕುಳಿತು ಶೇಂಗಾ ಹುರಿಯುತ್ತಿದ್ದೆ. ಗಾಡಿ ಎಂದರೆ ಅದು ಗಾಡಿಯಲ್ಲ, ಹಾಯಿ ಕಟ್ಟಿದ ದೊಡ್ಡ ದೋಣಿ. ಡ್ರೈವರ್ ಇಲ್ಲ ಎಂಬುದು ಮಾತ್ರ ಖರೆ. ಸೇಶೆಲ್ಸ್ ಎಂಬ ದ್ವೀಪಗಳ ಊರಿನಲ್ಲಿ ಅದನ್ನು ವಾರದ ಬಾಡಿಗೆಗೆ ಕೊಡುತ್ತಾರಂತೆ. ನಡೆಸುವವನಿಲ್ಲ, ಅಡುಗೆಯವನಿಲ್ಲ. ಕೀಲಿ ಕೈಗಿಟ್ಟು ಹೋಗಿಬನ್ನಿ ಎನ್ನುತ್ತಾರಂತೆ.

ನಮ್ಮ ಮೂರು ಮನೆಯವರು ವರ್ಷಕ್ಕೊಮ್ಮೆ ಕೂಡಿ ತಿರುಗಾಡಲು ಹೋಗುವುದು ರೂಢಿ. ಮೂರು ಮನೆ ಎಂದರೆ ಮೂವರು ಅಣ್ಣತಮ್ಮಂದಿರು. ಹಿರಿಯರು ಪರಪ್ಪನವರು, ಬಾಳವ್ವಕ್ಕನ ಯಜಮಾನರು. ಮೂಡಲಗಿಯಲ್ಲಿ ಅವರದು ಹಿಂಡಿ-ಭೂಸಾದ ಅಂಗಡಿ, ಸುತ್ತಲಿನ ಎಮ್ಮೆಗಳೆಲ್ಲ ಅವರ ಗಿರಾಕಿ. ನಡುವಿನವರು ಹುಕ್ಕೇರಿಯ ಶ್ರೀಶೈಲ. ಟೆಂಪೊ ಸ್ಟಾರ್ಟ್ ಆಗುವ ಸಪ್ಪಳಕ್ಕೇ ಅವರಿಗೆ ಹೊಟ್ಟೆ ತೊಳಸುವುದರಿಂದ ಅವರು ಎಲ್ಲಿಗೂ ಬರುವುದಿಲ್ಲ. ಹೆಂಡತಿ ದಾಕ್ಷಾಯಿಣಿಯನ್ನೂ ಮಗಳು ಶಿವಾನಿಯನ್ನೂ ಕಳಿಸುತ್ತಾರೆ. ಕಿರಿಯವರು ನನ್ನ ಗಂಡ ಗುರುರಾಜ, ಅರಭಾವಿಯ ತೋಟಗಾರಿಕೆ ಕಾಲೇಜಿನ ಕಚೇರಿಯಲ್ಲಿ ಕೆಲಸ. ಮೂಡಲಗಿಗೂ ಹುಕ್ಕೇರಿಗೂ ನಡುವೆ ನಾವಿರುವ ಗೋಕಾಕ ಬರುವುದರಿಂದ ಎಲ್ಲ ಮಸಲತ್ತೂ ನಮ್ಮ ಮನೆಯಲ್ಲೇ.

ಟೆಂಪೊದಲ್ಲಿ ಡ್ರೈವರನ ಬಾಜೂ ಸೀಟು ಪರಪ್ಪ ಭಾವನವರದು. ಎಲ್ಲಿ ಚಹಾ, ಎಲ್ಲಿ ತಿರುವು, ಎಲ್ಲಿ ವಸತಿ, ಎಲ್ಲವೂ ಅಲ್ಲಿಂದಲೇ ಅಪ್ಪಣೆಯಾಗಬೇಕು. ಹೋದ ವರ್ಷ ಸಂಗಮಕ್ಕೆ ಹೊರಟಾಗ ಅವರು ಎಡಕ್ಕೆ ಎಂದರು. ಬಲಕ್ಕೆ ಎಂದು ಬರೆದ ಬೋರ್ಡು ಆಳೆತ್ತರ ನಿಂತಿತ್ತು, ನಾವೆಲ್ಲರೂ ಓದಿದೆವು, ಯಾರೂ ಬಾಯಿಬಿಡಲಿಲ್ಲ. ಟೆಂಪೊ ಯಾವುದೋ ಕಲ್ಲಿನ ಕ್ವಾರಿಯಲ್ಲಿ ಹೋಗಿ ನಿಂತಿತು. ಅಲ್ಲೇ ಇಳಿದು ಬುತ್ತಿ ಬಿಚ್ಚಿ, ಇಲ್ಲಿ ಗಾಳಿ ಎಷ್ಟು ಚೆನ್ನಾಗಿದೆ ಎಂದು ಹೊಗಳುತ್ತ ಊಟ ಮಾಡಿ, ಸಂಜೆಗೆ ಸಂಗಮ ಸೇರಿದೆವು. ಅದನ್ನು ತಪ್ಪು ಎಂದು ನಾವು ಯಾರೂ ಕರೆದಿಲ್ಲ. ಹಿರಿಯರು ಹೇಳಿದರು, ಹೋದೆವು.

ಈ ಸಲ ಎಲ್ಲಿಗೆ ಎಂಬ ಮಾತು ಬಂದಾಗ ಶಿವಾನಿ ತನ್ನ ಫೋನನ್ನು ದೊಡ್ಡಪ್ಪನ ಕೈಗೆ ಕೊಟ್ಟಳು. ಅವಳು ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೂರು ವರ್ಷದಿಂದ ಶನಿವಾರ ಬಂತೆಂದರೆ ಬೆಳಗಾವಿಗೆ ಬಸ್ಸು ಹಿಡಿದು ಘಟ್ಟ ಇಳಿದು ಗೋವಾಕ್ಕೆ ಹೋಗಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದಾಳೆ. ಪರೀಕ್ಷೆ ಕೊಟ್ಟು ಸರ್ಟಿಫಿಕೇಟನ್ನೂ ಪಡೆದಿದ್ದಾಳೆ. ನಾವು ಅದನ್ನು ಗೋವಾದ ಕ್ಲಾಸು ಎಂದು ಕರೆಯುತ್ತಿದ್ದೆವು, ಹೊಲಿಗೆ ಕ್ಲಾಸು ಎಂದ ಹಾಗೆ. ಅವಳ ಅಂಗೈ ಮುಟ್ಟಿದರೆ ಮಾತ್ರ ಗೊತ್ತಾಗುತ್ತಿತ್ತು, ಹಗ್ಗ ತಿಕ್ಕಿ ತಿಕ್ಕಿ ಮಗ್ಗದವರ ಕೈಯ ಹಾಗೆ ಗಟ್ಟಿಯಾಗಿದೆ ಎಂದು.

ಫೋನಿನಲ್ಲಿ ನೀಲಿ ನೀರು, ಬಿಳಿ ಮರಳು, ಆನೆಯ ಬೆನ್ನಿನಂಥ ಬಂಡೆಗಳು. ಭಾವನವರು ಕನ್ನಡಕ ಹಣೆಗೇರಿಸಿ ನೋಡಿದರು.

"ನಮ್ಮ ಗೋಕಾಕದ ಕಲ್ಲಿನಂಗ ಅದಾವಲ್ಲವಾ. ಇವನ್ನ ನೋಡಾಕ ಸಮುದ್ರ ದಾಟಬೇಕ?"

ಹಾಗೆಂದವರು ಫೋನನ್ನು ಮರಳಿ ಕೊಡಲಿಲ್ಲ. ಮತ್ತೊಮ್ಮೆ ನೋಡಿದರು. ಊಟಕ್ಕೆ ಕರೆದರೂ ನೋಡುತ್ತಿದ್ದರು. ಪಾಯಸ ಬಡಿಸುವ ಹೊತ್ತಿಗೆ, ದಸರೆಯ ಸೂಟಿಯಲ್ಲಿ ಹೋಗುವುದೇ ಸೈ ಎಂದುಬಿಟ್ಟರು. ಅಲ್ಲಿಂದ ನಮ್ಮ ಮೂರೂ ಮನೆಗೆ ಒಂದು ನಮೂನೆಯ ಅಮಲೇರಿತು.

ನಾನು ಶ್ರಾವಣದಲ್ಲಿ ವಚನ ಹೇಳುವವರ ಮುಂದೆ ಕುಳಿತು ಕೇಳುತ್ತ ಬೆಳೆದವಳು. ಸಾಗರ ಎಂಬ ಮಾತು ನನ್ನ ಕಿವಿಗೆ ಹೊಸದಲ್ಲ; ದಾಟಬೇಕು, ದಾಟಿಸಬೇಕು ಎಂಬುದೂ ಹೊಸದಲ್ಲ. ಹೊಸದು ಎಂದರೆ ಸಾಗರವೇ. ಒಂದೇ ಸಲ ಗೋಕರ್ಣದಲ್ಲಿ ದಂಡೆಯ ಮೇಲೆ ನಿಂತು ನೋಡಿದ್ದೆ, ಪಾದ ಒದ್ದೆ ಮಾಡಿಕೊಂಡು ಬಂದಿದ್ದೆ. ಈಗ ಅದರ ಮೇಲೆ ಮಲಗಿ ಏಳುವುದಿದೆ ಎಂದರೆ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ನನಗೆ ನೆಲ ತುಸು ತೂಗಿದ ಹಾಗಾಗುತ್ತಿತ್ತು.

ಬೋಟು ಗೊತ್ತು ಮಾಡಿಕೊಡುವವಳು ಮುಂಬಯಿಯ ಏಜೆಂಟ್, ಆಮ್ರಪಾಲಿ ಎಂದು ಹೆಸರು. ಬಾಳವ್ವಕ್ಕ ರೊಟ್ಟಿಯ ಹಂಚಿಗೆ ಆ ಪ್ರಶ್ನೆ ಕೇಳಿದ ದಿನವೇ ಅವಳು ವಿಡಿಯೋ ಕಾಲ್ ಮಾಡಿದಳು. ಶಿವಾನಿ ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲೆ ಇಟ್ಟಳು. ಭಾವನವರು ಹೊಸ ರುಮಾಲು ಸುತ್ತಿ ನಡುವೆ ಕುಳಿತರು, ನಾವು ಎರಡೂ ಕಡೆ ಫೋಟೊ ತೆಗೆಸಿಕೊಳ್ಳುವವರ ಹಾಗೆ ಕುಳಿತೆವು. ಆಮ್ರಪಾಲಿಗೆ ಕನ್ನಡ ಬಾರದು, ನಮಗೆಲ್ಲ ಮರಾಠಿ ಬರುತ್ತದೆ, ಅದರಲ್ಲೇ ಮಾತು ಸಾಗಿತು. ಅವಳು ಬೋಟು ತೋರಿಸಿದಳು. ಎರಡು ದೋಣಿಗಳನ್ನು ಸೇರಿಸಿ ಮೇಲೆ ಅಟ್ಟ ಕಟ್ಟಿದ ಹಾಗಿತ್ತು. ಜೋಡೆತ್ತಿಗೆ ನೊಗ ಹೂಡಿದಂತಿದೆ ಎಂದು ಬಾಳವ್ವಕ್ಕ ಸಮಾಧಾನಪಟ್ಟಳು. ಮುಂದುಗಡೆ ಎರಡರ ನಡುವೆ ಬಿಗಿಯಾಗಿ ಬಲೆ ಕಟ್ಟಿತ್ತು. ಅದರ ಮೇಲೆ ಹಪ್ಪಳ ಒಣಗುತ್ತವೆಯೇ ಎಂದು ದಾಕ್ಷಾಯಿಣಿ ಕೇಳಿದಳು. ಆಮ್ರಪಾಲಿ ಯೋಚಿಸಿ, ಈವರೆಗೆ ಯಾರೂ ಕೇಳಿಲ್ಲ, ಒಣಗಬಹುದು ಎಂದಳು.

ಅಷ್ಟರಲ್ಲಿ ಚಹಾ ಕುದಿಯಿತು. ಮನೆಯಲ್ಲಿ ಹಿರಿಯರು ಕುಳಿತಾಗ ಚಹಾ ತರುವುದು ಕಿರಿಯ ಹೆಣ್ಣುಮಗಳ ಕೆಲಸ. ಶಿವಾನಿ ತಾನಾಗಿಯೇ ಎದ್ದು ಒಳಗೆ ಹೋದಳು. ಅದೇ ಹೊತ್ತಿಗೆ ಆಮ್ರಪಾಲಿ ಕೇಳಿದಳು: ನಿಮ್ಮಲ್ಲಿ ಕ್ಯಾಪ್ಟನ್ ಯಾರು?

ನಿಮ್ಮಲ್ಲಿ ಯಾರು ಎಂದು ಹೊರಗಿನವರು ಏನನ್ನೇ ಕೇಳಲಿ, ನಮ್ಮ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಗುರುರಾಜ ಅಣ್ಣನನ್ನು ತೋರಿಸಿದರು, ಬಾಳವ್ವಕ್ಕ ತೋರಿಸಿದಳು, ಶಿವಾನಿಯ ಸ್ವಂತ ತಾಯಿ ದಾಕ್ಷಾಯಿಣಿಯೂ ತೋರಿಸಿದಳು, ನಾನೂ ತೋರಿಸಿದೆ. ಲಗ್ನಪತ್ರಿಕೆಯಲ್ಲಿ ಮೊದಲ ಹೆಸರು ಯಾರದು ಎಂದು ಕೇಳಿದರೆ ಹೇಗೋ ಹಾಗೆ. ಭಾವನವರು ನಿಧಾನವಾಗಿ ಎರಡೂ ಕೈ ಜೋಡಿಸಿದರು. ಆಮ್ರಪಾಲಿ ಹಿಗ್ಗಿ, ಕ್ಯಾಪ್ಟನ್ ಸಾಹೇಬರೇ, ನಿಮ್ಮಂಥ ಅನುಭವಿಗಳು ಸಿಗುವುದು ಅಪರೂಪ ಎಂದಳು.

ಶಿವಾನಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಪ್ಪುಗಳು ಅಲುಗಲಿಲ್ಲ. ಎಲ್ಲರಿಗೂ ಚಹಾ ಕೊಟ್ಟಳು, ಮೊದಲು ದೊಡ್ಡಪ್ಪನಿಗೆ.

ಆಮೇಲೆ ಅಡುಗೆಮನೆಯಲ್ಲಿ ಕಪ್ಪು ತೊಳೆಯುತ್ತ ನನಗೆ ಹೇಳಿದಳು.

"ಚಿಗವ್ವಾ, ಮೂರು ವರ್ಷ ಮಂದಿ ಹೇಳಿದ ಹಗ್ಗ ಎಳದೇನಿ. ನಾ ಹೇಳಿದ್ದು ಕೇಳೂ ಬೋಟ್ ಒಮ್ಮ್ಯಾರ ನೋಡಬೇಕು. ಅದೊಂದs ನನಗ ಬೇಕಾಗಿದ್ದು."

ಅವತ್ತು ಸಂಜೆಯೇ ಹೇಳಿ ಸರಿಪಡಿಸುತ್ತೇನೆ ಎಂದಿದ್ದಳು. ಆದರೆ ಭಾವನವರ ಬಸ್ಸು ಮೂಡಲಗಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹಿಂಡಿ ಅಂಗಡಿಯ ಪರಪ್ಪ ಹಡಗಿನ ಕ್ಯಾಪ್ಟನ್ ಆದರಂತೆ. ವ್ಯಾಪಾರಸ್ಥರು ಸೇರಿ ಶಾಲು ಹೊದಿಸಿದರು, ಮಾಲೆ ಹಾಕಿದರು. ಎಮ್ಮೆ ಮಾರಲು ಮಸಗುಪ್ಪಿಯಿಂದ ಬಂದವರು ಅಂಗಡಿಯ ಮುಂದೆ ನಿಂತು ಕೈಮುಗಿದು ಹೋದರು. ಆ ವಾರವೇ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸು ಎದ್ದಿತು. ಹಿಂದೆ ಏಳಂತಸ್ತಿನ ಹಡಗು, ಮುಂದೆ ಭಾವನವರ ನಗುಮುಖ. ಫೋಟೊದಲ್ಲಿ ರುಮಾಲು ಇತ್ತು, ಕ್ಯಾಪ್ಟನ್ನರಿಗೆ ಟೋಪಿ ಇರಬೇಕು. ಫ್ಲೆಕ್ಸ್ ಮಾಡಿದವನು ಎರಡನ್ನೂ ಬಿಡಲಾರದೆ ರುಮಾಲಿನ ಮೇಲೆಯೇ ಬಿಳಿ ಟೋಪಿ ಕೂರಿಸಿದ್ದ.

"ಮೀಸಿ ಕರಿ ಮಾಡ್ಯಾರ ನೋಡವಾ," ಎಂದಳು ಬಾಳವ್ವಕ್ಕ ಫೋನಿನಲ್ಲಿ. "ಲಗ್ನದಾಗೂ ಇಷ್ಟು ಕರಿ ಇದ್ದಿದ್ದಿಲ್ಲ."

ಇಂಥದರಲ್ಲಿ ಶಿವಾನಿ ಏನು ಹೇಳಬೇಕು. ಅವಳ ತಾಯಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು: ಹೇಗಿದ್ದರೂ ಬೋಟು ನಡೆಸುವುದು ನೀನೇ ತಾನೆ, ಹೆಸರು ಅವರದಿರಲಿ, ಹಿರಿಯರ ಮುಖ ಬಾಡಿಸಬೇಡ. ಶಿವಾನಿ ಬಾಯಿ ಮುಚ್ಚಿಕೊಂಡು ತಯಾರಿಗೆ ಇಳಿದಳು. ಆದರೆ ತಯಾರಿಯ ಸಂಭ್ರಮದ ನಡುವೆಯೂ ಅವಳು ಆಗಾಗ ದೊಡ್ಡಪ್ಪನನ್ನು, ಹೇಗೆ ಬಿಚ್ಚಲಿ ಎಂದು ಗಂಟನ್ನು ನೋಡುವ ಹಾಗೆ ನೋಡುತ್ತಿದ್ದಳು.

ಆ ಸಂಭ್ರಮವನ್ನು ಹೇಗೆ ಹೇಳಲಿ. ಬಾಳವ್ವಕ್ಕ ಕಡಕ್ ರೊಟ್ಟಿ ಮಾಡಲು ಹಿಡಿದವಳು ನಿಲ್ಲಿಸಲೇ ಇಲ್ಲ. ದ್ವೀಪದವರು ಮೀನು ತಿನ್ನುವವರು, ನಮಗೆ ಅಲ್ಲೇನು ಸಿಕ್ಕೀತು ಎಂದು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕುಟ್ಟಿದಳು. ಹಿಂಡಿ ಎಂದರೆ ಇದು ನಾವು ತಿನ್ನುವ ಚಟ್ನಿಪುಡಿ, ಭಾವನವರು ಎಮ್ಮೆಗೆ ಮಾರುವುದಲ್ಲ. ಗುರುರಾಜ ಅರಭಾವಿಯ ಬಸ್ಸಿನಲ್ಲಿ ಕುಳಿತು ಮೊಣಕಾಲಿಗೆ ನೂಲು ಸುತ್ತಿ ಗಂಟು ಹಾಕುವುದನ್ನು ಕಲಿಯುತ್ತಿದ್ದರು. ಒಂದು ದಿನ ಎದುರು ಸೀಟಿನ ವಿದ್ಯಾರ್ಥಿನಿಯ ಬ್ಯಾಗಿಗೂ ತಮ್ಮ ಕೊಡೆಗೂ ಸೇರಿಸಿ ಗಂಟು ಬಿತ್ತು. ಅದನ್ನು ಬಿಚ್ಚಲು ಕಂಡಕ್ಟರ್ ಬರಬೇಕಾಯಿತು.

ನನ್ನ ಚಿಂತೆ ಬೇರೆ. ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂತರೆ ಕೈ ಅಲುಗಬಾರದು, ಕಣ್ಣು ಅಲುಗಬಾರದು. ನೀರಿನ ಮೇಲೆ ಅದು ಆದೀತೇ? ಬೆಳಗಿನಲ್ಲಿ ಲಂಗರು ಹಾಕಿರುತ್ತೇವೆ, ಕೆರೆಯ ಹಾಗೆ ಇರುತ್ತದೆ ಎಂದು ಶಿವಾನಿ ಧೈರ್ಯ ಹೇಳಿದ್ದಳು. ಆದರೂ ಪಡಸಾಲೆಯ ತೂಗುಮಂಚದ ಮೇಲೆ ಕುಳಿತು ರೂಢಿ ಮಾಡಿದೆ. ಗುರುರಾಜ ಸಣ್ಣಗೆ ತೂಗಿದರು. ಮೊದಮೊದಲು ವಿಭೂತಿ ಹಣೆಯ ಬದಲು ಕಿವಿಗೆ ಬಿತ್ತು. ಆಮೇಲೊಂದು ಮುಂಜಾನೆ ಮಂಚ ತೂಗುತ್ತಿದ್ದರೂ ಕೈ ನಿಂತಿತು, ಅಂಗೈಯಲ್ಲಿದ್ದುದು ನಿಂತಿತು, ಮನೆ ಮಾತ್ರ ಹಿಂದೆ ಮುಂದೆ ಹೋಗುತ್ತಿತ್ತು. ನನಗೆ ನಗು ಬಂತು. ಪೂಜೆಯ ಹೊತ್ತಿನಲ್ಲಿ ನಕ್ಕೆನಲ್ಲ ಎಂದು ಅಳುಕಾಗಲಿಲ್ಲ. ಯಾರ ಮುಂದೆ ನಕ್ಕೆನೋ ಅವನಿಗೂ ಖುಷಿಯಾಗಿರಬೇಕು.

ಆಷಾಢದ ಗಾಳಿ ಜೋರಾದ ಮೇಲೆ, ಒಂದು ರವಿವಾರ ಎಲ್ಲರೂ ಮೂಡಲಗಿಗೆ ಬನ್ನಿ ಎಂದು ಶಿವಾನಿ ಕರೆದಳು. ಅಂಗಡಿಯ ಹಿಂದಿನ ದೊಡ್ಡ ಅಂಗಳದಲ್ಲಿ ದಾಕ್ಷಾಯಿಣಿ ರಂಗೋಲಿಯಿಂದ ಬೋಟಿನ ಪೂರ್ತಿ ಆಕಾರ ಬರೆದಳು. ಇಲ್ಲಿ ಅಡುಗೆಮನೆ, ಇಲ್ಲಿ ಮಲಗುವುದು, ಇದು ಮುಂದಿನ ಬಲೆ. ಬಲೆಯ ಜಾಗದಲ್ಲಿ ಕೈ ತಡೆಯದೆ ಒಂದು ಕಮಲವನ್ನೂ ಬಿಡಿಸಿದಳು. ನಾವು ಚಪ್ಪಲಿ ಕಳಚಿ ಗೆರೆಯೊಳಗೆ ಹೋದೆವು, ಗೆರೆಯಾಚೆ ಕಾಲಿಟ್ಟವರು ಸಮುದ್ರಕ್ಕೆ ಬಿದ್ದ ಲೆಕ್ಕ. ಬಾಳವ್ವಕ್ಕ ಎಲೆಯಡಿಕೆ ಉಗಿಯಲು ಹೋಗಿ ಎರಡು ಸಲ ಸಮುದ್ರಕ್ಕೆ ಬಿದ್ದಳು.

ಗೆರೆಯ ಆಟ ಮುಗಿದ ಮೇಲೆ ಗಾಳಿ ಹಾಯಿಯನ್ನು ಹೇಗೆ ಎಳೆಯುತ್ತದೆ ಎಂಬುದನ್ನು ಕೈಯಾರೆ ನೋಡಬೇಕಿತ್ತು. ಚೀಲ ಸಾಗಿಸುವ ನಾಲ್ಕು ಗಾಲಿಯ ಕೈಗಾಡಿಗೆ ಶಿವಾನಿ ಒಂದು ಬಿದಿರನ್ನು ನೆಟ್ಟಗೆ ಕಟ್ಟಿ, ಅದಕ್ಕೆ ಮಳೆಗೆ ಚೀಲ ಮುಚ್ಚುವ ತಾಡಪತ್ರಿಯನ್ನು ಬಿಗಿದಳು. ತಾಡಪತ್ರಿಯ ಕೆಳಗಿನ ಮೂಲೆಯಿಂದ ಬಂದ ಹಗ್ಗವನ್ನು, ಗಾಡಿಯ ಹಿಂಬದಿಯಲ್ಲಿ ಕುಳಿತ ಗುರುರಾಜರ ಕೈಗೆ ಕೊಟ್ಟಳು. ಹಗ್ಗ ಎಳೆದರೆ ಹಾಯಿ ಗಾಳಿ ಹಿಡಿಯುತ್ತದೆ, ಬಿಟ್ಟರೆ ಗಾಳಿ ಸೋರಿಹೋಗುತ್ತದೆ, ಗಾಡಿ ನಿಲ್ಲುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ವಿದ್ಯೆ ಬಂದ ಹಾಗೆ ಎಂದಳು. ಗಾಡಿ ನಾಲ್ಕು ಮಾರು ಸರಿದರೆ ಸಾಕು ಎಂದು ಅವಳ ಲೆಕ್ಕ. ಭಾವನವರು, ಕ್ಯಾಪ್ಟನ್ ಇಲ್ಲದೆ ಹೇಗೆ ಎಂದು ಪ್ಲಾಸ್ಟಿಕ್ ಕುರ್ಚಿಯನ್ನು ಗಾಡಿಯ ಮೇಲೆ ಇಡಿಸಿ ಹತ್ತಿ ಕುಳಿತರು.

ಗಾಳಿ ಬಂತು. ತಾಡಪತ್ರಿ ಒಮ್ಮೆ ಪಟಪಟ ಬಡಿದು, ಆಮೇಲೆ ಉಬ್ಬಿ ಗುಂಡಗಾಯಿತು. ಗಾಡಿ ನಾಲ್ಕು ಮಾರು ಸರಿಯಿತು, ಮತ್ತೆ ನಾಲ್ಕು ಮಾರು. ಅದಕ್ಕೆ ರುಚಿ ಹತ್ತಿತ್ತು. ಅಂಗಳ ಇಳಿಜಾರು ಎಂಬುದನ್ನು ಅಷ್ಟು ವರ್ಷ ಅಲ್ಲಿ ವ್ಯಾಪಾರ ಮಾಡಿದವರೂ ಅವತ್ತೇ ಕಂಡದ್ದು. ಬಾಳವ್ವಕ್ಕ ಸೀರೆಯ ನಿರಿಗೆ ಎತ್ತಿ ಹಿಂದೆ ಓಡಿದಳು. ಕೋಳಿಗಳು ಹಾರಿದವು. ಭಾವನವರು ಕುರ್ಚಿಯ ಎರಡೂ ಕೈ ಹಿಡಿದು, ರುಮಾಲಿನ ಚುಂಗು ಹಾರಿಸುತ್ತ, ಫ್ಲೆಕ್ಸಿನಲ್ಲಿದ್ದುದಕ್ಕಿಂತ ದೊಡ್ಡದಾಗಿ ನಗುತ್ತ ಹೊರಟಿದ್ದರು. ಎದುರಿಗೆ ಭೂಸಾದ ಚೀಲಗಳ ಥಪ್ಪಿ ಆಳೆತ್ತರ ಇತ್ತು.

"ಕಾಕಾ, ಹಗ್ಗ ಬಿಡ್ರಿ," ಎಂದು ಶಿವಾನಿ ಕೂಗಿದಳು.

ಗುರುರಾಜ ಹಗ್ಗ ಬಿಡಲಿಲ್ಲ. ಅಣ್ಣನ ಮುಖ ನೋಡಿದರು.

"ಹಿಡೀ, ಗಟ್ಟಿ ಹಿಡೀ," ಎಂದರು ಭಾವನವರು. ಕೈಗೆ ಬಂದದ್ದನ್ನು ಬಿಡು ಎಂದು ಅವರು ಯಾರಿಗೂ ಹೇಳಿದವರಲ್ಲ.

ಗುರುರಾಜ ಗಟ್ಟಿಯಾಗಿ ಹಿಡಿದರು. ಗಾಡಿ ಥಪ್ಪಿಗೆ ಹೋಗಿ ಬಡಿಯಿತು. ಮೇಲಿನ ಚೀಲಗಳು ಉರುಳಿ ಒಡೆದವು, ಕುರ್ಚಿ ಮಗುಚಿತು, ಬಿದಿರು ವಾಲಿ ಬಂದು ಗುರುರಾಜರ ಹಣೆಗೆ ಟಣ್ ಎಂದಿತು. ಧೂಳು ಇಳಿದ ಮೇಲೆ ನೋಡಿದರೆ ಭಾವನವರು ಎದೆಮಟ್ಟ ಭೂಸಾದಲ್ಲಿ ಕುಳಿತಿದ್ದರು, ಮೀಸೆ ಬೆಳ್ಳಗೆ. ಮೊದಲು ನಕ್ಕವರು ಅವರೇ. ಆಮೇಲೆ ಎಲ್ಲರಿಗೂ ತಡೆಯಲಾಗಲಿಲ್ಲ. ದಾಕ್ಷಾಯಿಣಿ ರಂಗೋಲಿಯ ಬೋಟಿನಲ್ಲಿ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಗುರುರಾಜರ ಹಣೆಗೆ ಅರಿಸಿನ ಹಚ್ಚುತ್ತ ನಕ್ಕೆ, ಅರಿಸಿನ ಅವರ ಮೂಗಿಗೆಲ್ಲ ಆಯಿತು.

ನಗದೆ ಉಳಿದವಳು ಶಿವಾನಿ ಒಬ್ಬಳು.

"ಕಾಕಾ, ನಾ ಬಿಡ್ರಿ ಅಂದಾಗ ನೀವು ದೊಡ್ಡಪ್ಪನ ಮಾರಿ ಯಾಕ ನೋಡಿದ್ರಿ?"

"ಯಾಕಂದ್ರ ಏನ್ ಹೇಳ್ಲೆವಾ," ಎಂದರು ಗುರುರಾಜ. "ಹುಟ್ಟಿದಾಗಿಂದ ನೋಡಾಕತ್ತೇನಿ."

"ಅಲ್ಲಿ ಭೂಸಾದ ಚೀಲ ಇರಂಗಿಲ್ಲ ಕಾಕಾ. ಕಲ್ಲ ಇರ್ತಾವು."

ಸಣ್ಣ ದನಿಯಲ್ಲೇ ಹೇಳಿದಳು. ಆದರೂ ನಗು ಒಬ್ಬೊಬ್ಬರ ಬಾಯಿಂದ ಒಂದೊಂದಾಗಿ ಇಳಿದುಹೋಯಿತು. ಫೋನಿನಲ್ಲಿ ನೋಡಿದ ಆ ಆನೆಬೆನ್ನಿನ ಬಂಡೆಗಳು ನನಗೆ ಕಂಡವು, ನೀರಿನಲ್ಲಿ ಅರ್ಧ ಮುಳುಗಿ ಕುಳಿತವು.

ಅದೇ ಹೊತ್ತಿಗೆ ಆಮ್ರಪಾಲಿಯ ಫೋನು ಬಂದದ್ದನ್ನು ನಾನು ಯೋಗಾಯೋಗ ಎಂದೇ ತಿಳಿಯುತ್ತೇನೆ. ಶಿವಾನಿ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಬೋಟಿನ ಕಂಪನಿಯವರು ಕ್ಯಾಪ್ಟನ್ ಸಾಹೇಬರ ಜೊತೆ ಮಾತಾಡಬೇಕಂತೆ. ಲಂಗರು ಹೇಗೆ ಹಾಕುತ್ತೀರಿ, ಗಾಳಿ ಏರಿದರೆ ಹಾಯಿ ಎಷ್ಟು ಇಳಿಸುತ್ತೀರಿ ಎಂದು ಕೇಳುತ್ತಾರಂತೆ. ಬೋಟಿನ ಮೇಲೆ ಕ್ಯಾಪ್ಟನ್ ಒಬ್ಬರೇ, ಅವರ ಮಾತೇ ಕಡೆಯ ಮಾತು, ಅದು ಕಂಪನಿಯ ಕಟ್ಟುನಿಟ್ಟು ಎಂದೂ ಹೇಳಿದಳು.

ಶಿವಾನಿ ದೊಡ್ಡಪ್ಪನ ಕಡೆ ನೋಡಿದಳು. ಅವರು ರುಮಾಲಿನ ಭೂಸಾ ಕೊಡವುತ್ತಿದ್ದರು.

ಕ್ಯಾಪ್ಟನ್ ನಾನು, ಸರ್ಟಿಫಿಕೇಟ್ ಇರುವುದು ನನ್ನ ಹೆಸರಿನಲ್ಲಿ, ಅವತ್ತು ನೀವು ಕೇಳಿದಾಗ ಚಹಾ ತರಲು ಹೋಗಿದ್ದೆ ಎಂದು ಶಿವಾನಿ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದಳು. ಆಮ್ರಪಾಲಿ ಆ ಕಡೆ ಏನೋ ಅಂದಳು. ನಮಗೆ ಯಾರಿಗೂ ಅದು ಕಿವಿಗೆ ಬೀಳಲಿಲ್ಲ. ಅಂಗಳದಲ್ಲಿ ತಾಡಪತ್ರಿ ಬಡಿಯುವ ಸಪ್ಪಳ ಒಂದೇ ಕೇಳುತ್ತಿತ್ತು.

ಭಾವನವರು ಎದ್ದು ಅಂಗಡಿಯೊಳಗೆ ಹೋಗಿ ದುಡ್ಡಿನ ಗಲ್ಲೆಯ ಹಿಂದೆ ಕುಳಿತರು. ಆಮೇಲಿನ ದಿನಗಳಲ್ಲಿ ಅವರು ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ. ಸಮುದ್ರದ ಮಾತು ಬಂದರೆ ಮಾತ್ರ ಗಿರಾಕಿಯ ಕಡೆ ತಿರುಗುತ್ತಿದ್ದರು. ಫ್ಲೆಕ್ಸು ಹಾಗೇ ಇತ್ತು. ಅದರ ಕೆಳಗೆ ಹಾದು ದಿನಾ ಅಂಗಡಿಗೆ ಹೋಗಬೇಕಿತ್ತು ಅವರು. ಹೊರಡುವುದು ಯಾವಾಗ ಕ್ಯಾಪ್ಟನ್ ಎಂದು ಜನ ಕೇಳುತ್ತಿದ್ದರಂತೆ. ಅವರು ಬರುವುದಿಲ್ಲ ಎಂದರೆ ನಾವು ಯಾರೂ ಹೋಗುವ ಹಾಗಿಲ್ಲ. ಹಿರಿಯರನ್ನು ಬಿಟ್ಟು ನಮ್ಮ ಮನೆಯವರು ಸಂಗಮಕ್ಕೂ ಹೋದವರಲ್ಲ, ಇನ್ನು ಸಮುದ್ರಕ್ಕೆ ಹೋಗುವುದು ದೂರದ ಮಾತು. ಬಾಳವ್ವಕ್ಕ ಕಟ್ಟಿಟ್ಟ ರೊಟ್ಟಿಗಳು ಡಬ್ಬಿಯಲ್ಲೇ ಕುಳಿತಿದ್ದವು. ಒಂದು ದಿನ ಅವುಗಳಲ್ಲಿ ಎರಡನ್ನು ತೆಗೆದು ಭಾವನವರೇ ತಿಂದರು ಎಂದು ಅವಳು ಫೋನಿನಲ್ಲಿ ಹೇಳಿದಾಗ, ಇದು ಒಳ್ಳೆಯ ಸೂಚನೆಯೋ ಕೆಟ್ಟದ್ದೋ ಎಂದು ನಾನೂ ದಾಕ್ಷಾಯಿಣಿಯೂ ಬಹಳ ಹೊತ್ತು ಮಾತಾಡಿದೆವು.

ಶಿವಾನಿ ಇಷ್ಟಕ್ಕೆ ಬಿಡಲಿಲ್ಲ. ದೊಡ್ಡಪ್ಪನಿಗೆ ತಾನೇ ಫೋನ್ ಮಾಡಿ, ಹುಕ್ಕೇರಿಗೆ ಬನ್ನಿ, ಹಿಡಕಲ್ ಡ್ಯಾಮಿನ ಹಿನ್ನೀರು ತುಂಬಿದೆ, ಗಾಳಿಯನ್ನು ಓದುವುದು ಹೇಗೆ ಎಂದು ಎಲ್ಲರಿಗೂ ತೋರಿಸುತ್ತೇನೆ ಎಂದಳು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೇಳಿದ ದಿನ ಬೆಳಿಗ್ಗೆ ನೋಡಿದರೆ ಬಾಳವ್ವಕ್ಕನೊಂದಿಗೆ ಬಸ್ಸಿಳಿದು ಬಂದಿದ್ದರು, ಹಳೆಯ ರುಮಾಲು ಸುತ್ತಿ.

ಹಿನ್ನೀರು ಕಣ್ಣು ಹೋದಷ್ಟು ದೂರ ಹರಡಿತ್ತು. ಮೀನುಗಾರರ ಬುಟ್ಟಿದೋಣಿಗಳು ದಂಡೆಯಲ್ಲಿ ಬೋರಲು ಬಿದ್ದಿದ್ದವು. ಶಿವಾನಿ ನಮ್ಮನ್ನು ಸಾಲಾಗಿ ನಿಲ್ಲಿಸಿ ನೀರನ್ನು ತೋರಿಸಿದಳು. ಅಲ್ಲಿ ದೂರ, ನೀರಿನ ಮೈ ಕಪ್ಪಾಗುತ್ತಿದೆಯಲ್ಲ, ಅಲ್ಲಿ ಗಾಳಿ ಇಳಿದಿದೆ. ಅದು ನಮ್ಮ ಕಡೆ ಬರುತ್ತಿದೆ. ಎಣಿಸುತ್ತ ನಿಲ್ಲಿ, ಮುಖಕ್ಕೆ ಬಡಿಯುತ್ತದೆ. ನಾವು ಕಾದೆವು. ಕಪ್ಪು ಮಡಿಕೆ ಮಡಿಕೆಯಾಗಿ ಓಡಿಬಂದು ದಂಡೆ ಮುಟ್ಟಿತು, ಮರುಗಳಿಗೆ ನನ್ನ ಸೆರಗು ಹಾರಿತು. ಕಾಣದ್ದು ಬರುವ ಮೊದಲೇ ಕಂಡಂತಾಯಿತು. ನಾನು ಎಷ್ಟೋ ಸಂಜೆ ಕಣ್ಣು ಮುಚ್ಚಿ ಕುಳಿತು ಹುಡುಕಿದ್ದು ಇದನ್ನೇ ಅಲ್ಲವೇ ಎನಿಸಿ ಮೈ ಜುಮ್ಮೆಂದಿತು.

ಆಮೇಲೆ ಅದು ಆಟವೇ ಆಯಿತು. ಮುಂದಿನ ಗಾಳಿ ಯಾರಿಗೆ ಮೊದಲು ಬಡಿಯುತ್ತದೆ ಎಂದು ಪಂದ್ಯ. ಗುರುರಾಜ ತಮಗೆ ಎಂದರು, ಬಾಳವ್ವಕ್ಕನಿಗೆ ಬಡಿಯಿತು. ದಾಕ್ಷಾಯಿಣಿ ಕಪ್ಪು ಕಂಡಲ್ಲೆಲ್ಲ ಬಂತು ಬಂತು ಎನ್ನುತ್ತಿದ್ದಳು, ಒಂದು ಸಲ ಅದು ಮೋಡದ ನೆರಳಾಗಿತ್ತು. ಭಾವನವರು ಹಿಂದೆ ಬುಟ್ಟಿದೋಣಿಯ ಮೇಲೆ ಕುಳಿತಿದ್ದರು. ಸುಮ್ಮನಿದ್ದವರು, ಅದಲ್ಲ, ಅದರ ಎಡಕ್ಕೆ ನೋಡಿ ಎಂದರು. ಎಡದಿಂದಲೇ ಬಂತು. ಇನ್ನೊಮ್ಮೆ ಹೇಳಿದರು, ಹಾಗೇ ಆಯಿತು. ಎದ್ದು ಬಂದು ನೀರಿನ ಅಂಚಿಗೆ ನಿಂತರು. ಧೋತರದ ಅಂಚು ಒದ್ದೆಯಾದದ್ದು ಅವರಿಗೆ ಗೊತ್ತಾಗಲಿಲ್ಲ. ಮುಖ ನೋಡಿದರೆ ಕೈಗಾಡಿಯ ಮೇಲೆ ಹೊರಟಿದ್ದಾಗಿನ ಮುಖ. ಈ ಮನುಷ್ಯನಿಗೆ ಹೋಗುವ ಆಸೆ ನಮ್ಮೆಲ್ಲರಿಗಿಂತ ಹೆಚ್ಚಾಗಿದೆ ಎಂದು ನನಗೆ ಆಗ ಖಾತ್ರಿಯಾಯಿತು.

ಉಳಿದವರು ಬುತ್ತಿ ಬಿಚ್ಚಲು ಮರದ ಕೆಳಗೆ ಹೋದರು. ನಾನು ಚಂಬಿನಲ್ಲಿ ನೀರು ತುಂಬಿಕೊಳ್ಳಲು ಬಗ್ಗಿದ್ದೆ. ಭಾವನವರು ಶಿವಾನಿಯನ್ನು ಹತ್ತಿರ ಕರೆದರು. ದನಿ ತಗ್ಗಿಸಿಯೇ ಮಾತಾಡಿದರು, ಗಾಳಿ ಅದನ್ನು ನನ್ನ ಕಡೆಗೆ ತಂದಿತು.

"ನೀ ಕಲತಿದ್ದು ಖರೆ ಐತಿ. ನನಗೇನು ಬರಂಗಿಲ್ಲ, ಅದೂ ಖರೆ. ಕಾಗದದಾಗ ನಿನ್ನ ಹೆಸರs ಇರಲಿ."

ಶಿವಾನಿ ನೀರಿನ ಕಡೆಯಿಂದ ತಿರುಗಿ ಅವರ ಮುಖ ನೋಡಿದಳು.

"ಬೋಟಿನ ಮ್ಯಾಲ ಮಾತ್ರ ಮಾತು ನಂದಿರಲಿವಾ. ಏನು ಮಾಡಬೇಕಂತ ನೀ ನನ್ನ ಕಿವ್ಯಾಗ ಹೇಳು, ನಾ ಗಟ್ಟಿಯಾಗಿ ಎಲ್ಲಾರಿಗೂ ಹೇಳ್ತೇನಿ. ನೀ ಹೇಳಿದ್ದs ಆಗತೈತಿ, ನಾ ಹೇಳಿದಂಗೂ ಆಗತೈತಿ. ನಿನ್ನ ಕಾಕಾ ನನ್ನ ಮಾತಂದ್ರ ಹೆಂಗ ಕೇಳ್ತಾನ ನೀನs ನೋಡೀಯಲ್ಲ. ಇಷ್ಟ ನಡಿಸಿಕೊಡು, ನಾ ಬರ್ತೇನಿ. ನಾ ಬಂದ್ರ ಎಲ್ಲಾರೂ ಬರ್ತಾರ."

ಅವರು ಅವಳ ತಲೆಯ ಮೇಲೆ ಕೈ ಇಟ್ಟರು. ಅವಳು ಚಿಕ್ಕವಳಿದ್ದಾಗ ಹಿಂಡಿಯ ಚೀಲಗಳ ಮೇಲೆ ಕೂರಿಸಿ ಪೆಪ್ಪರಮೆಂಟು ಕೊಡುತ್ತಿದ್ದ ಕೈ ಅದು. ನಾನು ಚಂಬು ತುಂಬಿದ್ದರೂ ಏಳಲಿಲ್ಲ. ಅವಳು ಹೂಂ ಎಂದರೆ ದಸರೆಗೆ ನಾವೆಲ್ಲ ನೀಲಿ ನೀರಿನ ಮೇಲೆ ಇರುತ್ತಿದ್ದೆವು. ಅದಷ್ಟೂ ನನಗೆ ಬೇಕಾಗಿತ್ತು.

ಶಿವಾನಿ ತಲೆಯ ಮೇಲಿನ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು. ಹಿಡಿದುದನ್ನು ಬಿಡಲಿಲ್ಲ. ನೀರಿನ ಮೇಲೆ ದೊಡ್ಡದೊಂದು ಕಪ್ಪು ಎದ್ದು ನಮ್ಮ ಕಡೆ ಹೊರಟಿತ್ತು.

"ಇಲ್ಲ, ದೊಡ್ಡಪ್ಪಾ," ಎಂದಳು. "ಬೋಟಿನ ಮ್ಯಾಲಿನ ಮಾತು ನಂದs. ಅದನ್ನ ನಾ ಕೊಡೂದಿಲ್ಲ."